ಅಜ್ಜನ ಆರಾಮ ಕುರ್ಚಿಗೆ ಮರುಪಾಲಿಶ್: ಉಜ್ಜುವ ಮೊದಲು ತೊಳೆಯಿರಿ

ಅಟ್ಟದ ಮೇಲೆ 18 ವರ್ಷ ಬಿದ್ದಿದ್ದ ಆರಾಮ ಕುರ್ಚಿಯೊಂದನ್ನು ಹೋದ ಡಿಸೆಂಬರಿನಲ್ಲಿ ಕೆಳಗಿಳಿಸಿದೆ. ಅಜ್ಜನದು. ಎರಡೂ ಕೈ ಉದ್ದಕ್ಕೆ ಚಾಚಿಕೊಂಡಿರುವ, ಬೆತ್ತ ಹೆಣೆದ, ಮಲೆನಾಡಿನ ಜಗಲಿಗಳಲ್ಲಿ ಈಗಲೂ ಒಂದೊಂದು ಕಾಣುವ ಅದೇ ನಮೂನೆಯ ಕುರ್ಚಿ. ಮೇಲೆಲ್ಲ ಜೇಡರಬಲೆ, ಗೋಣಿ ನಾರು, ಇಲಿ ಪಿಕ್ಕೆ. ಬಣ್ಣ ಕಪ್ಪೋ ಕಂದೋ ಗೊತ್ತಾಗುತ್ತಿರಲಿಲ್ಲ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಮಿಷಿನ್ ಹಾಕಿ ಉಜ್ಜಿಸಿಬಿಡಿ, ಹೊಸದರ ಹಾಗೆ ಆಗುತ್ತೆ."

ನಾನು ಉಜ್ಜಿಸಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಅದಕ್ಕೂ ಮೊದಲು ಒಂದು ಟೀಪಾಯಿಯನ್ನು ಉಜ್ಜಿ ಹಾಳು ಮಾಡಿದ್ದೆ. ಅದು ಗಟ್ಟಿ ತೇಗ ಅಂದುಕೊಂಡಿದ್ದೆ. ಮೇಲೆ ಅಂಟಿಸಿದ್ದು ಕಾಗದದಷ್ಟು ತೆಳ್ಳಗಿನ ತೇಗದ ಹಾಳೆ ಅಂತ ಗೊತ್ತಾದದ್ದು, ಹಾಳೆ ತೂತಾಗಿ ಒಳಗಿನ ಪ್ಲೈವುಡ್ ಹಲ್ಲು ಕಿಸಿದಾಗ. ಅಷ್ಟು ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ.

ಹಾಗಾಗಿ ಹಳೇ ಪೀಠೋಪಕರಣ ಕೈಗೆತ್ತಿಕೊಳ್ಳುವವರಿಗೆ ನಾನು ಮೊದಲು ಹೇಳುವುದು: ಸ್ಯಾಂಡ್ ಪೇಪರನ್ನು ಪಕ್ಕಕ್ಕಿಡಿ. ಬಹಳಷ್ಟು ಹಳೇ ಕುರ್ಚಿ, ಮೇಜು, ಪೆಟ್ಟಿಗೆಗಳಿಗೆ ಬೇಕಿರುವುದು ಸ್ನಾನ, ಸುಲಿಗೆಯಲ್ಲ.

ಮುಟ್ಟುವ ಮೊದಲು ನೋಡಿ

ಕುರ್ಚಿಯನ್ನು ತಲೆಕೆಳಗಾಗಿ ಮಲಗಿಸಿ. ಅಡಿಭಾಗಕ್ಕೆ ಪಾಲಿಶ್ ಹಾಕುವ ಗೋಜಿಗೆ ಹಳೇ ಬಡಗಿಗಳು ಹೋಗುತ್ತಿರಲಿಲ್ಲ, ಆದ್ದರಿಂದ ಮರ ಯಾವುದು ಅಂತ ಅಲ್ಲೇ ಕಾಣುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ತೇಗ, ಬೀಟೆ, ಹಲಸು, ಹೊನ್ನೆ, ಮತ್ತಿ. ಬೀಟೆ ಭಾರ, ಕಪ್ಪು-ನೇರಳೆ ಗೆರೆ ಇರುತ್ತದೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಬೆಳಕಿಗೆ ಕಂದಾಗುತ್ತದೆ. ಮೇಲೆ ಕಂದಾಗಿ, ಅಡಿಯಲ್ಲಿ ಅರಿಶಿನದ ಛಾಯೆ ಉಳಿದಿದ್ದರೆ ಹಲಸಿರಬಹುದು. ಅದನ್ನು ಉಜ್ಜಿದರೆ ಹಳದಿ ಮತ್ತೆ ಮೇಲೆ ಬರುತ್ತದೆ, ಆಮೇಲೆ "ಯಾಕೆ ಹೀಗಾಯ್ತು" ಅಂತ ಪರದಾಡಬೇಡಿ.

ಮೇಜಿನ ಅಂಚು ನೋಡಿ. ಮೇಲಿನ ಗೆರೆಗಳು ತುದಿಯಲ್ಲಿ ಹಾಗೇ ಇಳಿದು ಬಂದಿದ್ದರೆ ಗಟ್ಟಿ ಮರ. ಅಂಚಿನಲ್ಲಿ ಬೇರೆ ಪಟ್ಟಿ ಅಂಟಿಸಿದ್ದರೆ, ಅಥವಾ ಮೇಲೆ ಒಂದು ಗೆರೆ, ಪಕ್ಕದಲ್ಲಿ ಇನ್ನೊಂದು ಗೆರೆ ಇದ್ದರೆ ತೆಳು ಹಾಳೆ ಇರಬಹುದು. ಅದಕ್ಕೆ ಮಿಷಿನ್ ಮುಟ್ಟಿಸಲೇಬೇಡಿ.

ಆಮೇಲೆ ಕುಟ್ಟೆ. ಸಣ್ಣ ಸಣ್ಣ ತೂತು ಕಂಡ ಕೂಡಲೇ ಗಾಬರಿಯಾಗುವುದು ಬೇಡ, ಹುಳ ಯಾವತ್ತೋ ಹೋಗಿರಬಹುದು. ಕೆಳಗೆ ಕಪ್ಪು ಕಾಗದ ಹಾಸಿ ಮರವನ್ನು ಕುಟ್ಟಿ, ಬಿದ್ದ ಪುಡಿ ಗುಡಿಸಿ, ಎರಡು ವಾರ ಬಿಡಿ. ಮತ್ತೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಜೀವ ಇದೆ ಅಂತ ಅರ್ಥ. ಸಾಮಾನ್ಯವಾಗಿ ಚೇಗಿನ ಭಾಗಕ್ಕೆ ಹುಳ ಬೀಳುವುದು ಕಡಿಮೆ, ಹೊರಗಿನ ಬಿಳಿ ಭಾಗವೇ ಅದರ ಊಟ. ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಪಾಲಿಶ್ ಇಲ್ಲದ ಬರಿ ಮರಕ್ಕೆ ಎರಡು ಮೂರು ಸಲ ಕುಡಿಸಬಹುದು. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ, ಅಲ್ಲಿ ತೂತಿಗೇ ಸಿರಿಂಜಿನಲ್ಲಿ ಔಷಧಿ ಬಿಡಬೇಕು. ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತೆ ಅಂತ ಹೇಳುವವರಿದ್ದಾರೆ. ಹುಳ ಸಾಯುವ ಮೊದಲು ಹಲಗೆ ಸೀಳುತ್ತದೆ.

ಹಳೇ ಹಸಿರು, ನೀಲಿ ಎನಾಮಲ್ ಬಳಿದ ಮಂಚ, ಬೀರು ಆಗಿದ್ದರೆ ಇನ್ನೊಂದು ಎಚ್ಚರ. ನಮ್ಮಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಮ್ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೇ ಇದೆ ಅಂದುಕೊಂಡು ಕೆಲಸ ಮಾಡುವುದು ಕ್ಷೇಮ. ಒಣದಾಗಿ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ನೀರು ಚಿಮುಕಿಸಿಕೊಂಡು ಕೆರೆಯಿರಿ. ಚಿಕ್ಕ ಮಕ್ಕಳು, ಬಸುರಿಯರು ಆ ಕಡೆ ಸುಳಿಯುವುದು ಬೇಡ. ಕೆರೆದ ಚಕ್ಕೆಗಳನ್ನು ತೋಟಕ್ಕೆ ಗುಡಿಸದೆ ಚೀಲದಲ್ಲಿ ಕಟ್ಟಿಡಿ.

ಮೈಸೂರಿನ ಬೀಟೆ ಕೆತ್ತನೆ, ಅಂದರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ಹೂಬಳ್ಳಿ ಮಾಡಿದ ಕೆಲಸ ಇದ್ದರೆ ಇಲ್ಲಿಗೇ ನಿಲ್ಲಿಸಿ. ಸ್ಪಿರಿಟ್, ಅಂದರೆ ಪಾಲಿಶ್ ಕರಗಿಸಲು ಬಳಸುವ ಆಲ್ಕೋಹಾಲ್, ತಾಗಿದರೆ ಬೀಟೆಯ ನೇರಳೆ ಬಣ್ಣ ಕರಗಿ ಪಕ್ಕದ ಬಿಳಿ ಚೂರಿಗೆ ಹತ್ತಿಕೊಳ್ಳುತ್ತದೆ. ಆ ಕೆಲಸ ಬಲ್ಲವರಿಗೇ ಬಿಡಿ.

ಯಾವ ತಿಂಗಳು?

ಡಿಸೆಂಬರಿನಿಂದ ಮಾರ್ಚ್. ಮಳೆಗಾಲದಲ್ಲಂತೂ ಬೇಡವೇ ಬೇಡ. ಒಂದು ಜುಲೈನಲ್ಲಿ, ಮನೆಯಲ್ಲೇ ಇದ್ದೇನಲ್ಲ ಅಂತ ಸ್ಟೂಲೊಂದಕ್ಕೆ ಪಾಲಿಶ್ ಹಾಕಿದೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದು ಪಾಲಿಶಿನ ಒಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾದರೂ ಚಿಂತೆ ಇಲ್ಲ. ಒಣ ಬಿಸಿಲಿರುವ ದಿನ ಕಾದು, ಬಟ್ಟೆಗೆ ಹೆಸರಿಗಷ್ಟು ಸ್ಪಿರಿಟ್ ತಾಗಿಸಿ ಹಗುರವಾಗಿ ಸವರಿದರೆ ಹೋಗುತ್ತದೆ. ನನ್ನ ಸ್ಟೂಲು ಅಕ್ಟೋಬರ್ ತನಕ ಕಾಯಬೇಕಾಯಿತು, ಅಷ್ಟೇ.

ಸ್ನಾನ

ಸ್ಕ್ರೂ, ಹಿಡಿಕೆ, ಚಿಲಕ ಏನಿದ್ದರೂ ಮೊದಲು ಬಿಚ್ಚಿ, ಯಾವುದು ಎಲ್ಲಿಯದು ಅಂತ ಬರೆದು ಪುಟ್ಟ ಕವರಿನಲ್ಲಿ ಹಾಕಿಡಿ. ಫೋಟೋ ತೆಗೆದುಕೊಳ್ಳಿ. "ನೆನಪಿರುತ್ತೆ ಬಿಡು" ಅಂದುಕೊಂಡು ಬಿಚ್ಚಿದ ಬೀರುವಿನ ಎರಡು ತಿರುಗಣೆ ಈಗಲೂ ನನ್ನ ಡಬ್ಬಿಯಲ್ಲಿವೆ. ಹಿತ್ತಾಳೆ ಹಿಡಿಕೆಗಳಿಗೆ ಹುಣಸೆಹಣ್ಣೇ ಸಾಕು, ಆದರೆ ಬಿಚ್ಚಿದ ಮೇಲೆ ಉಜ್ಜಿ. ಮರದ ಮೇಲೆ ಹುಣಸೆ ರಸ ಇಳಿಸಬೇಡಿ.

ಒಣ ಬ್ರಶ್ಶಿನಿಂದ ಧೂಳು ತೆಗೆಯಿರಿ. ಆಮೇಲೆ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಚಮಚ ಹಾಕಿ. ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒಂದು ಅಡಿ ಜಾಗ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ ಮುಂದೆ ಹೋಗಿ. ನೀರು ಸುರಿಯುವುದು, ಪೈಪ್ ಹಿಡಿಯುವುದು ಮಾಡಿದರೆ ಅಂಟು ಬಿಡುತ್ತದೆ. ಹಳೇ ಬಡಗಿಗಳು ಬಳಸುತ್ತಿದ್ದದ್ದು ಚರ್ಮ, ಎಲುಬು ಕಾಯಿಸಿ ಮಾಡಿದ ಅಂಟು, ಅದಕ್ಕೆ ನೀರು ಆಗುವುದಿಲ್ಲ.

ಸೋಪಿಗೆ ಬಗ್ಗದ್ದು ಜಿಡ್ಡು. ಒಲೆ ಹೊಗೆ, ತಲೆ ಎಣ್ಣೆ, ಕೈ ಬೆವರು, ಯಾರೋ ಹಬ್ಬಕ್ಕೆ ಮಿಂಚಲಿ ಅಂತ ಬಳಿದ ತೆಂಗಿನೆಣ್ಣೆ, ಎಲ್ಲ ಸೇರಿ ಒಂದು ಪದರ ಆಗಿರುತ್ತದೆ. ತೆಂಗಿನೆಣ್ಣೆಯ ವಿಷಯ ಒಂದು ಮಾತು. ಅದು ಒಣಗುವ ಎಣ್ಣೆಯಲ್ಲ. ಎರಡು ದಿನ ಮಿಂಚಿ, ಆಮೇಲೆ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ದಯವಿಟ್ಟು ಹಚ್ಚಬೇಡಿ. ಈ ಜಿಡ್ಡಿಗೆ ಟರ್ಪೆಂಟೈನ್ ಬೇಕು. ಹಳೇ ಬನಿಯನ್ ತುಂಡನ್ನು ಟರ್ಪೆಂಟೈನಿನಲ್ಲಿ ಒದ್ದೆ ಮಾಡಿ ಉಜ್ಜಿ, ಬಟ್ಟೆ ಕಪ್ಪಾದ ಹಾಗೆ ಬದಲಾಯಿಸಿ. ಕಿಟಕಿ ತೆರೆದಿರಲಿ, ಅಂಗಳವಾದರೆ ಇನ್ನೂ ಒಳ್ಳೆಯದು.

ಅಜ್ಜನ ಕುರ್ಚಿಯ ಬಲಗೈಯನ್ನು ಹೀಗೆ ಒರೆಸುತ್ತಿದ್ದೆ. ಏಳನೆಯ ಬಟ್ಟೆಯ ಹೊತ್ತಿಗೆ ಕಪ್ಪಿನಡಿಯಿಂದ ಕೆಂಪು ಛಾಯೆಯ ಕಂದು ಎದ್ದು ಬಂತು, ಅದರ ಮೇಲೆ ಹಳೇ ಪಾಲಿಶ್ ಇನ್ನೂ ಇತ್ತು, ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿತ್ತು ಅಷ್ಟೇ. ಕೈಯ ತುದಿಯಲ್ಲಿ, ಅವರು ಎಲೆಅಡಿಕೆ ತಟ್ಟೆ ಇಡುತ್ತಿದ್ದ ಜಾಗದಲ್ಲಿ, ಅರ್ಧ ಚಂದ್ರನ ಹಾಗೆ ಸವೆದ ಗುರುತು. ಮಿಷಿನ್ ಹಾಕಿದ್ದರೆ ಹತ್ತು ಸೆಕೆಂಡಿನ ಕೆಲಸ, ಅದು ಮಾಯ.

ಇದು ಯಾವ ಪಾಲಿಶ್?

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಎರಡು ನಿಮಿಷದ ಪರೀಕ್ಷೆ. ಕಣ್ಣಿಗೆ ಬೀಳದ ಜಾಗದಲ್ಲಿ, ಕಾಲಿನ ಒಳಬದಿಯಲ್ಲಿ, ಹತ್ತಿಗೆ ಪಾಲಿಶ್ ಸ್ಪಿರಿಟ್ ತಾಗಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಕರಗಿ ಹತ್ತಿಗೆ ಕಂದು ಬಂದರೆ ಅದು ಅರಗಿನ ಪಾಲಿಶ್, ನಾವು ಫ್ರೆಂಚ್ ಪಾಲಿಶ್ ಅನ್ನುವುದು. ಹಳೇ ಮನೆಗಳ ಸಾಮಾನಿಗೆ ಜಾಸ್ತಿ ಇರುವುದು ಇದೇ. ಸ್ಪಿರಿಟಿಗೆ ಕರಗದೆ ಎನ್‌ಸಿ ತಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎನಾಮಲ್, ವಾರ್ನಿಷ್, ಮೆಲಮೈನ್, ಪಿಯು (ಪಾಲಿಯುರೆಥೇನ್) ಈ ಜಾತಿಯದು.

ಅರಗಾಗಿದ್ದರೆ ನಿಮ್ಮ ಅದೃಷ್ಟ. ಅದನ್ನು ಕೆರೆದು ತೆಗೆಯಬೇಕಾಗಿಯೇ ಇಲ್ಲ. ಮೆತ್ತನೆ ಬ್ರಶ್ಶಿನಲ್ಲಿ ಸ್ಪಿರಿಟ್ ತೆಗೆದುಕೊಂಡು ಒಂದು ಗೇಣು ಜಾಗಕ್ಕೆ ಹಚ್ಚಿ, ಹಳೇ ಪಾಲಿಶ್ ಕರಗಿ ಪಾಯಸದ ಹಾಗೆ ಆಗುತ್ತಿದ್ದಂತೆ ಮರದ ಎಳೆಯ ಉದ್ದಕ್ಕೆ ಎರಡೇ ಸಲ ಎಳೆದು ಬಿಟ್ಟುಬಿಡಿ. ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ. ಆಸೆಗೆ ಬಿದ್ದು ಮೂರನೆಯ ಸಲ ಎಳೆದರೆ ಗೆರೆ ಬೀಳುತ್ತದೆ, ಆಗ ಪೂರ್ತಿ ಆರುವ ತನಕ ಕಾದು ಮತ್ತೆ ಮಾಡಬೇಕು. ನನ್ನ ಕುರ್ಚಿಯ ಎರಡೂ ಕೈ, ಬೆನ್ನಿನ ಪಟ್ಟಿ ಒಂದು ಮಧ್ಯಾಹ್ನದಲ್ಲಿ ಹೀಗೇ ಮುಗಿದವು. ಮುಂಗಾಲುಗಳಿಗೆ ಮಾತ್ರ ಯಾವುದೋ ಕಾಲದಲ್ಲಿ ಎನಾಮಲ್ ಬಳಿದಿದ್ದರು, ಅದನ್ನು ತೆಗೆಯಲೇಬೇಕಾಯಿತು.

ತೆಗೆಯಲೇಬೇಕಾದಾಗ

ಪೇಂಟ್ ರಿಮೂವರ್ ತನ್ನಿ. ಡಬ್ಬಿಯ ಮೇಲಿನದನ್ನು ಓದಿ. ಮಿಥಿಲೀನ್ ಕ್ಲೋರೈಡ್ ಇದ್ದರೆ ಬಯಲಿನಲ್ಲಿ ಮಾತ್ರ ಬಳಸಿ. ಬಚ್ಚಲುಮನೆಯಂಥ ಮುಚ್ಚಿದ ಜಾಗದಲ್ಲಿ ಅದರ ಹಬೆಯಿಂದ ಜೀವವೇ ಹೋಗಬಹುದು. ಪಾತ್ರೆ ತೊಳೆಯುವ ತೆಳು ಗ್ಲೌಸ್ ಅದಕ್ಕೆ ನಿಲ್ಲುವುದಿಲ್ಲ, ರಾಸಾಯನಿಕಕ್ಕೆ ಅಂತಲೇ ಬರುವ ದಪ್ಪನೆಯದು ಬೇಕು. ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಉಬ್ಬಿದ ಮೇಲೆ ಮೊಂಡು ಅಂಚಿನ ಕೆರೆಗತ್ತಿಯಿಂದ ದಬ್ಬಿ. ಕೆತ್ತನೆಯ ಸಂದಿಗೆ ಬಿದಿರು ಕಡ್ಡಿ, ಹಳೇ ಹಲ್ಲುಜ್ಜುವ ಬ್ರಶ್. ಚಾಕು ಬೇಡ.

ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದರೆ ಒಂದೇ ಏಟಿಗೆ ಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಹೋಗುತ್ತದೆ, ನಿಜ. ಜೊತೆಗೆ ತೇಗ ಕಪ್ಪಿಡುತ್ತದೆ, ಸಂದಿನ ಅಂಟು ಸಡಿಲಾಗುತ್ತದೆ, ಕೈ ಸುಡುತ್ತದೆ.

ಇಷ್ಟಾದ ಮೇಲೆ ಸ್ಯಾಂಡ್ ಪೇಪರಿನ ಸರದಿ. 120, ಆಮೇಲೆ 180, ಆಮೇಲೆ 220. ನಡುವೆ ನಂಬರ್ ಹಾರಿಸಬೇಡಿ. 120 ಮಾಡಿದ ಗೀರನ್ನು ಅಳಿಸುವುದು 180ರ ಕೆಲಸ, ಅದರ ಗೀರನ್ನು ಅಳಿಸುವುದು 220ರ ಕೆಲಸ. ಯಾವಾಗಲೂ ಮರದ ಎಳೆಯ ಉದ್ದಕ್ಕೆ. ಅಡ್ಡ ಉಜ್ಜಿದ್ದು ಈಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಕೂಡಲೇ ಬೆಕ್ಕು ಪರಚಿದ ಹಾಗೆ ಎದ್ದು ಕಾಣುತ್ತದೆ. ಕಾಗದವನ್ನು ಬರಿ ಬೆರಳಲ್ಲಿ ಹಿಡಿಯದೆ ಸವೆದ ಹವಾಯಿ ಚಪ್ಪಲಿಯ ತುಂಡಿಗೆ ಸುತ್ತಿಕೊಳ್ಳಿ, ಒತ್ತಡ ಸಮನಾಗಿ ಬೀಳುತ್ತದೆ. 180 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಆರಲು ಬಿಡಿ. ಮರದ ನಾರು ಗಡ್ಡದ ಹಾಗೆ ಏಳುತ್ತದೆ. ಅದನ್ನು 220ರಲ್ಲಿ ಹಗುರವಾಗಿ ಬೋಳಿಸಿದರೆ ಮುಂದೆ ಪಾಲಿಶ್ ಹಾಕುವಾಗ ಒರಟಾಗುವುದಿಲ್ಲ. ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಹಲಗೆಗೆ ತಾಗಿದ ಹಾಗೆ ಅಡ್ಡ ಹಿಡಿದು ನೋಡಿ, ಬಿಟ್ಟುಹೋದ ಗೀರೆಲ್ಲ ಸಿಕ್ಕಿಬೀಳುತ್ತದೆ.

ಎನ್95 ಮಾಸ್ಕ್ ಹಾಕಿಕೊಳ್ಳಿ. ತೇಗದ ಪುಡಿ, ಅದಕ್ಕಿಂತ ಬೀಟೆಯ ಪುಡಿ, ಕೆಲವರಿಗೆ ಮೈ ಕಡಿತ, ಉಬ್ಬಸ ತರಿಸುತ್ತದೆ.

ಸಂದು ಅಲ್ಲಾಡಿದರೆ

ಅಲ್ಲಾಡುವ ಕುರ್ಚಿಗೆ ಮೊಳೆ ಹೊಡೆಯುವುದು ನಮ್ಮವರ ಹುಟ್ಟುಗುಣ. ಮೊಳೆ ಮರ ಸೀಳುತ್ತದೆ, ತುಕ್ಕು ಹಿಡಿದು ಸುತ್ತ ಕಪ್ಪು ಮಾಡುತ್ತದೆ. ಬದಲು ಸಂದನ್ನು ಪೂರ್ತಿ ಬಿಚ್ಚಿ. ಬಿಚ್ಚದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಸುತ್ತಿಡಿ, ಹಳೇ ಅಂಟು ಮೆತ್ತಗಾಗುತ್ತದೆ. ಒಳಗಿನ ಹಳೇ ಅಂಟನ್ನೆಲ್ಲ ಕೆರೆದು ತೆಗೆಯಿರಿ. ಅದರ ಮೇಲೇ ಹೊಸದು ಹಾಕಿದರೆ ಹಿಡಿಯುವುದಿಲ್ಲ, ನನ್ನ ಮೊದಲ ಪ್ರಯತ್ನ ಮೂರೇ ವಾರಕ್ಕೆ ಬಿಟ್ಟುಕೊಂಡಿತು. ಆಮೇಲೆ ಫೆವಿಕಾಲ್ ತೆಳುವಾಗಿ ಎರಡೂ ಕಡೆ ಸವರಿ ಕೂರಿಸಿ. ಕಚ್ಚು ಸಡಿಲಾಗಿದ್ದರೆ ಅದೇ ಜಾತಿ ಮರದ ತೆಳ್ಳನೆ ಚಕ್ಕೆಯನ್ನು ಬೆಣೆಯಾಗಿ ಹಾಕಿ.

ಕ್ಲಾಂಪ್ ಇಲ್ಲ ಅಂತ ಕೈಬಿಡಬೇಡಿ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ನಾಲ್ಕು ಸುತ್ತು ಸುತ್ತಿ ಕಟ್ಟಿ. ಅದರ ಬಿಗಿ ನೋಡಿದರೆ ಆಶ್ಚರ್ಯವಾಗುತ್ತದೆ. ಅಥವಾ ಹಗ್ಗ ಸುತ್ತಿ ನಡುವೆ ಕೋಲು ತೂರಿಸಿ ತಿರುಚಿ. ಹೊರಗೆ ಉಕ್ಕಿದ ಅಂಟನ್ನು ಹಸಿಯಿದ್ದಾಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದರೆ ಅಲ್ಲಿ ಪಾಲಿಶ್ ಹಿಡಿಯದೆ ಬಿಳಿ ಮಚ್ಚೆ ಉಳಿಯುತ್ತದೆ. 24 ಗಂಟೆ ಮುಟ್ಟಬೇಡಿ, ಕೂತು ನೋಡೋಣ ಅನ್ನುವ ಮಕ್ಕಳನ್ನೂ ದೂರ ಇಡಿ.

ಕಪ್ಪು ಕಲೆ

ಬಿಳಿ ಉಂಗುರ ಪಾಲಿಶಿನಲ್ಲಿರುವ ತೇವ, ಸುಲಭ. ಕಪ್ಪು ಕಲೆ ಮರದ ಒಳಗೆ ಇಳಿದದ್ದು, ನೀರು ಮತ್ತು ಕಬ್ಬಿಣ ಮರದ ಒಗರಿನ ಜೊತೆ ಸೇರಿ ಆದದ್ದು. ಉಜ್ಜಿದಷ್ಟೂ ಹಳ್ಳ ಬೀಳುತ್ತದೆಯೇ ಹೊರತು ಹೋಗುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್. ಪ್ಲಾಸ್ಟಿಕ್ ಬಟ್ಟಲಲ್ಲಿ ಅರ್ಧ ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಕರಗಿಸಿ, ಪಾಲಿಶ್ ತೆಗೆದ ಮರಕ್ಕೆ ಹಚ್ಚಿ. ಕಲೆಗಷ್ಟೇ ಅಲ್ಲ, ಇಡೀ ಹಲಗೆಗೆ. ಇಲ್ಲದಿದ್ದರೆ ಕಪ್ಪು ಮಚ್ಚೆಯ ಜಾಗದಲ್ಲಿ ಬಿಳಿ ಮಚ್ಚೆ ಆಗುತ್ತದೆ. ಆರಿದ ಮೇಲೆ ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ತೆಗೆದು, ಆಮೇಲಷ್ಟೇ ಸ್ಯಾಂಡ್ ಪೇಪರ್. ಅದರ ಪುಡಿ ಮೂಗಿಗೆ ಹೋಗಬಾರದು, ಹೊಟ್ಟೆಗೆ ಹೋದರೆ ವಿಷ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ.

ಸಣ್ಣ ತೂತುಗಳಿಗೆ ಅದೇ ಮರದ ಪುಡಿಯನ್ನು ಅರಗಿನ ಪಾಲಿಶಿನಲ್ಲಿ ಕಲಸಿ ತುಂಬಿ. ಫೆವಿಕಾಲಿನಲ್ಲಿ ಕಲಸಿದ್ದು ಪಾಲಿಶ್ ಹೀರದೆ ಬೇರೆಯಾಗಿ ಕಾಣುತ್ತದೆ.

ಅರಗು, ಸ್ಪಿರಿಟ್, ಹಳೇ ಪಂಚೆ

ಈಗ ನನಗೆ ಇಷ್ಟವಾದ ಭಾಗ. ಅರಗು ಅಂದರೆ ಮರದ ರೆಂಬೆಯ ಮೇಲೆ ಅರಗಿನ ಹುಳ ಕಟ್ಟುವ ಅಂಟು. ಪಾಂಡವರಿಗೆ ಕಟ್ಟಿಸಿಕೊಟ್ಟ ಅರಗಿನ ಮನೆಯ ಅರಗೇ ಇದು. ಚನ್ನಪಟ್ಟಣದ ಬೊಂಬೆಗೆ ಮಿಂಚು ಬರುವುದೂ ಇದರಿಂದಲೇ. ಅಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೆ ಅದು ಕರಗಿ ಮೆತ್ತಿಕೊಳ್ಳುತ್ತದೆ. ನಮ್ಮ ಕುರ್ಚಿಯನ್ನು ತಿರುಗಿಸುವ ಹಾಗಿಲ್ಲವಲ್ಲ, ಅದಕ್ಕೆ ಸ್ಪಿರಿಟಿನಲ್ಲಿ ಕರಗಿಸುತ್ತೇವೆ.

ಪೇಂಟ್ ಅಂಗಡಿಯಲ್ಲಿ ಶೆಲ್ಯಾಕ್ ಅಂತಲೋ ಚಪ್ಡಾ ಅಂತಲೋ ಕೇಳಿ, ತೆಳ್ಳನೆ ಚಕ್ಕೆ ಕೊಡುತ್ತಾರೆ. 50 ಗ್ರಾಂ ಚಕ್ಕೆಗೆ 250 ಮಿಲಿ ಸ್ಪಿರಿಟ್, ಒಂದು ಕುರ್ಚಿಗೆ ಧಾರಾಳ. ಗಾಜಿನ ಬಾಟಲಿಯಲ್ಲಿ ಹಾಕಿ, ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ರಾತ್ರಿ ನೆನೆಸಿ, ಆಗಾಗ ಅಲ್ಲಾಡಿಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ಬಾಟಲಿಯ ಮೇಲೆ ತಾರೀಖು ಬರೆಯಿರಿ. ತಿಂಗಳುಗಟ್ಟಲೆ ಇಟ್ಟ ಪಾಲಿಶ್ ಸರಿಯಾಗಿ ಒಣಗುವುದಿಲ್ಲ, ಅನುಮಾನ ಇದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಇನ್ನು ಈ ಸ್ಪಿರಿಟ್ ಕುಡಿದರೆ ಸಾವು ಅಥವಾ ಕುರುಡು, ಆದ್ದರಿಂದ ನೀರಿನ ಬಾಟಲಿಗೆ ಮಾತ್ರ ತುಂಬಿಡಬೇಡಿ. ಹತ್ತಿರ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ. ಅರಗಿನ ಮನೆ ಏನಾಯಿತು ಅಂತ ಗೊತ್ತಲ್ವಾ?

ಪಾಲಿಶ್ ಹಚ್ಚುವುದು ಬ್ರಶ್ಶಿನಿಂದಲ್ಲ, ಬಟ್ಟೆಯ ಉಂಡೆಯಿಂದ. ನಿಂಬೆಹಣ್ಣಿನ ಗಾತ್ರದ ಹತ್ತಿ, ಅದರ ಮೇಲೆ ನೂರು ಸಲ ಒಗೆದು ಮೆತ್ತಗಾದ, ಗಂಜಿ ಇಲ್ಲದ ಹಳೇ ಪಂಚೆ ತುಂಡು. ತುದಿಗಳನ್ನು ತಿರುಚಿ ಹಿಡಿದರೆ ಮೋದಕದ ಹಾಗೆ ಒಂದು ಉಂಡೆ, ತಳ ಮಾತ್ರ ಸುಕ್ಕಿಲ್ಲದೆ ನಯವಾಗಿರಬೇಕು. ಉಂಡೆಯನ್ನು ಪಾಲಿಶಿನಲ್ಲಿ ಅದ್ದಬಾರದು. ಬಟ್ಟೆ ಬಿಚ್ಚಿ ಒಳಗಿನ ಹತ್ತಿಗೆ ಒಂದು ಚಮಚ ಸುರಿದು ಮತ್ತೆ ಕಟ್ಟಿ. ಬಿಳಿ ಕಾಗದಕ್ಕೆ ಒತ್ತಿ ನೋಡಿ. ಒದ್ದೆ ಗುರುತು ಮೂಡಿ ಕ್ಷಣದಲ್ಲಿ ಆರಿದರೆ ಸರಿ, ಹನಿ ಇಳಿದರೆ ಜಾಸ್ತಿಯಾಯಿತು.

ದೋಸೆ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತೀರಲ್ಲ, ಹೆಚ್ಚು ಕಡಿಮೆ ಅದೇ ಕೈ. ಆದರೆ ಗುಂಡಗಲ್ಲ, ಉದ್ದಕ್ಕೆ. ಹಲಗೆಯ ಈ ಅಂಚಿನ ಆಚೆಯಿಂದಲೇ ಕೈ ಚಲಿಸುತ್ತಾ ಬಂದು, ಮರ ಸವರಿ, ಆ ಅಂಚಿನ ಆಚೆಗೆ ಹೋಗಿಬಿಡಬೇಕು. ನಡುವೆ ನಿಂತಿರೋ, ಉಂಡೆ ಅಲ್ಲೇ ಕಚ್ಚಿಕೊಂಡು ಬಟ್ಟೆಯ ಅಚ್ಚು ಬೀಳುತ್ತದೆ. ಬಿಟ್ಟ ಜಾಗ ಕಂಡಿತು ಅಂತ ಹಿಂದಕ್ಕೆ ಹೋಗಬೇಡಿ, ಮುಂದಿನ ಸುತ್ತಿನಲ್ಲಿ ಅದು ತುಂಬುತ್ತದೆ. ಉಂಡೆ ಜಗ್ಗುತ್ತಿದೆ ಅನಿಸಿದರೆ ತಳಕ್ಕೆ ಬೆರಳ ತುದಿಯಲ್ಲಿ ಅಗಸೆ ಎಣ್ಣೆಯ ಒಂದೇ ಒಂದು ಹನಿ.

ಒಂದು ಹೊತ್ತಿಗೆ ಮೂರು ನಾಲ್ಕು ಸುತ್ತು, ನಡುವೆ ಅರ್ಧ ಗಂಟೆ ಬಿಡುವು. ಮರುದಿನ 400ರ ಕಾಗದದಲ್ಲಿ ಬೆಕ್ಕಿನ ಮೈ ಸವರಿದಷ್ಟು ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಮತ್ತೆ ಮೂರು ನಾಲ್ಕು ಸುತ್ತು. ಮೂರನೆಯ ದಿನ ಇನ್ನೊಮ್ಮೆ. ಮೊದಲ ದಿನ ಏನೂ ಆಗಿಲ್ಲ ಅನಿಸುತ್ತದೆ, ಎರಡನೆಯ ದಿನ ಸಂಜೆ ಬೆಳಕು ಬಿದ್ದಾಗ ಮರದೊಳಗೆ ಏನೋ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಉಂಡೆಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಕಲ್ಲು.

ಒಂದು ವಾರ ಬಿಟ್ಟು ಮೇಣ. ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆ ಪೂರ್ತಿ ಆರಿಸಿ, ಹೊರಗೆ ತಂದು ಮೂರು ಪಾಲು ಟರ್ಪೆಂಟೈನ್ ಬೆರೆಸಿ. ತಣ್ಣಗಾದರೆ ಬೆಣ್ಣೆಯ ಹಾಗೆ ಆಗುತ್ತದೆ. ಚೂರೇ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ತಿಕ್ಕಿ.

ಬೇರೆ ಪಾಲಿಶ್

ಊಟದ ಮೇಜಿಗೆ ಅರಗು ಬೇಡ, ಬಿಸಿಗೂ ನೀರಿಗೂ ತಡೆಯುವುದಿಲ್ಲ. ಅಲ್ಲಿ ಪಿಯು ಹಾಕಿ, ಡಬ್ಬಿಯ ಮೇಲೆ ಬರೆದ ಹಾಗೆ. ಬೀಟೆಗೆ ಪಿಯು ಹಾಕುವುದಾದರೆ ಒಂದು ತೊಡಕಿದೆ. ಬೀಟೆಯೊಳಗಿನ ಎಣ್ಣೆ ಅದನ್ನು ಒಣಗಲು ಬಿಡುವುದಿಲ್ಲ. ಮೊದಲು ಮೇಣ ತೆಗೆದ ಅರಗಿನ ಒಂದು ತೆಳು ಸುತ್ತು ಕೊಟ್ಟು ಆಮೇಲೆ ಹಾಕಿ. ಮೆಲಮೈನ್ ಸಿಂಪಡಿಸುವವರಿಗೆ ಸರಿ, ಮನೆಯಲ್ಲಿ ಅದರ ವಾಸನೆ ತಡೆಯಲಾಗದು.

ಅಗಸೆ ಎಣ್ಣೆ ಹಚ್ಚುವುದು ಎಲ್ಲಕ್ಕಿಂತ ಸುಲಭ, ಬಟ್ಟೆಯಲ್ಲಿ ಹಚ್ಚಿ ಒರೆಸಿದರೆ ಮುಗಿಯಿತು. ಆದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ನಾನು ಬಕೆಟಿನಲ್ಲಿ ತುರುಕಿ ಊಟಕ್ಕೆ ಹೋಗಿ ಬಂದೆ, ಸುಟ್ಟ ವಾಸನೆ, ಮುಟ್ಟಿದರೆ ಬಟ್ಟೆ ಬಿಸಿ. ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗೆ ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ತಂತಿಗೆ ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಜೋತುಬಿದ್ದ ಬೆತ್ತ

ಕುರ್ಚಿಯ ಬೆತ್ತ ಹರಿದಿದ್ದರೆ ಹೊಸದಾಗಿ ಹೆಣೆಸಬೇಕು. ಬರೀ ಜೋತುಬಿದ್ದಿದ್ದರೆ ಹೆಣೆಸುವವರನ್ನು ಹುಡುಕುವ ಮೊದಲು ಇದನ್ನು ಮಾಡಿ. ಬಿಸಿನೀರಲ್ಲಿ ಅದ್ದಿದ ಟವೆಲನ್ನು ಅಡಿಬದಿಯಿಂದ ಅರ್ಧ ಗಂಟೆ ತಾಗಿಸಿಡಿ. ಮೇಲ್ಬದಿಯ ಮಿಂಚು ನೀರು ಕುಡಿಯುವುದಿಲ್ಲ, ಅಡಿ ಕುಡಿಯುತ್ತದೆ. ಟವೆಲ್ ಮರಕ್ಕೆ ತಾಗದಿರಲಿ. ನೆರಳಲ್ಲಿ ರಾತ್ರಿಯಿಡೀ ಆರಿದರೆ ಬೆತ್ತ ಬಿಗಿದುಕೊಳ್ಳುತ್ತದೆ. ನನ್ನದು ಬೆಳಿಗ್ಗೆ ಬೆರಳಲ್ಲಿ ತಟ್ಟಿದರೆ ಡೋಲಿನ ಹಾಗೆ ಸದ್ದು ಮಾಡಿತು. ಪಾಲಿಶ್ ಶುರು ಮಾಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಕುರ್ಚಿ ಜಗಲಿಗೆ ಬಂದ ಮೂರನೇ ದಿನ ಅಮ್ಮ ಬಿಸಿ ಕಾಫಿ ಲೋಟವನ್ನು ನೇರ ಅದರ ಕೈ ಮೇಲಿಟ್ಟರು. ಎತ್ತಿದಾಗ ಅಚ್ಚುಕಟ್ಟಾದ ಬಿಳಿ ಉಂಗುರ. ಡಬ್ಬಿಯಲ್ಲಿದ್ದ ಉಂಡೆಗೆ ಎರಡು ಹನಿ ಸ್ಪಿರಿಟ್ ಬಿಟ್ಟು ನಾಲ್ಕು ಸಲ ಸವರಿದೆ, ಹೋಯಿತು. ಈಗ ಆ ಅರ್ಧ ಚಂದ್ರದ ಗುರುತಿನ ಮೇಲೆ ಒಂದು ಮರದ ಬಿಲ್ಲೆ ಇಟ್ಟಿದ್ದೇವೆ, ಲೋಟ ಅದರ ಮೇಲೆ.